ಕುದುರೆ ಕಂಡರೆ ಕಾಲು ನೋಡಿ: ಮೈಬಣ್ಣವನ್ನೂ ಅದರ ಹಿಂದಿನ ಜೀನ್‌ಗಳನ್ನೂ ಗುರುತಿಸುವ ಬಗೆ

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ಮಾಥೇರಾನ್‌ಗೆ ಹೋಗಿಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಆ ಗುಡ್ಡದ ಊರಿನಲ್ಲಿ, ದಸ್ತೂರಿ ನಾಕಾದಲ್ಲಿ ಕಾರು ಇಳಿಯುತ್ತಲೇ ಕುದುರೆಯವರು ಸುತ್ತುವರಿಯುತ್ತಾರೆ. ಅಲ್ಲಿಯವರೆಗೆ ನೆಟ್ಟಗಿದ್ದ ಕಾಲು ಆಗ ನೋಯತೊಡಗುತ್ತದೆ. ಹತ್ತುವುದು ಬಿಡುವುದು ನಿಮ್ಮಿಷ್ಟ. ಆದರೆ ಆ ಕುದುರೆಯ ಬಣ್ಣ ಯಾವುದೆಂದು ಸರಿಯಾಗಿ ಹೇಳಬೇಕಿದ್ದರೆ ಮೊದಲು ನೋಡಬೇಕಾದದ್ದು ಅದರ ಕಾಲನ್ನು. ಮೈಯ ಬಣ್ಣ ಬಿಸಿಲಿಗೆ, ಋತುವಿಗೆ, ವಯಸ್ಸಿಗೆ, ಧೂಳಿಗೆ ಬದಲಾಗುತ್ತದೆ. ಕಾಲು, ಜೂಲು, ಮೂತಿ ಮತ್ತು ಕೂದಲಿನಡಿಯ ಚರ್ಮ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ಎಲ್ಲಿ ಅಭ್ಯಾಸ ಮಾಡುವುದು

ಮುಂಬೈಯವರಿಗೆ ಮಹಾಲಕ್ಷ್ಮಿ ರೇಸ್‌ಕೋರ್ಸ್‌ಗಿಂತ ಒಳ್ಳೆಯ ಜಾಗವಿಲ್ಲ. 1883ರಿಂದಲೂ ಅಲ್ಲಿ ಕುದುರೆಗಳು ಓಡುತ್ತಿವೆ. ಚಳಿಗಾಲದಲ್ಲಿ ರೇಸ್ ಮುಂಬೈಯಲ್ಲಿ ನಡೆದರೆ ಮಳೆಗಾಲದಲ್ಲಿ ಪುಣೆಯ ಕ್ಯಾಂಪ್ ಭಾಗದ ರೇಸ್‌ಕೋರ್ಸ್‌ಗೆ ಹೋಗುತ್ತದೆ. ರೇಸ್ ಎಂದೊಡನೆ ಮನೆಯಲ್ಲಿ ಹುಬ್ಬೇರುವುದು ಸಹಜ, ಆದರೆ ಒಂದು ಪೈಸೆಯನ್ನೂ ಬಾಜಿ ಕಟ್ಟದೆ ಇಡೀ ಮಧ್ಯಾಹ್ನ ಅಲ್ಲಿ ಕಳೆಯಬಹುದು. ಪ್ರತಿ ಓಟಕ್ಕೂ ಮೊದಲು ಕುದುರೆಗಳನ್ನು ಪ್ಯಾಡಕ್‌ನಲ್ಲಿ ಸುತ್ತು ಹಾಕಿಸುತ್ತಾರೆ. ಬೇಲಿಯ ಬಳಿ ನಿಂತರೆ ಒಂದೊಂದೂ ಎದುರಿನಿಂದಲೇ ಹಾದುಹೋಗುತ್ತದೆ. ರೇಸ್ ಪುಸ್ತಕದಲ್ಲಿ ಪ್ರತಿ ಕುದುರೆಯ ಹೆಸರಿನ ಜತೆಗೆ ಅದರ ಬಣ್ಣದ ಸಂಕ್ಷೇಪವೂ ತಂದೆತಾಯಿಯ ಹೆಸರೂ ಇರುತ್ತವೆ. ‘ಬಿ’ ಎಂದರೆ ಬೇ (ಕೆಂಪು ಅಥವಾ ಕಂದು ಮೈ, ಕಪ್ಪು ತುದಿಗಳು), ‘ಸಿಎಚ್’ ಎಂದರೆ ಚೆಸ್ಟ್‌ನಟ್ (ಎಲ್ಲೂ ಕಪ್ಪಿಲ್ಲದ ಕೆಂಪು), ‘ಜಿಆರ್’ ಎಂದರೆ ಗ್ರೇ (ವರ್ಷವರ್ಷವೂ ನರೆಯುವುದು). ಮೊದಲು ನೋಡಿ, ಮನಸ್ಸಿನಲ್ಲೇ ಬಣ್ಣ ಹೇಳಿಕೊಳ್ಳಿ, ಆಮೇಲೆ ಪುಟ ತೆರೆಯಿರಿ. ಉತ್ತರಪತ್ರಿಕೆಯನ್ನು ಕಿಸೆಯಲ್ಲಿಟ್ಟುಕೊಂಡು ಪರೀಕ್ಷೆ ಬರೆದಂತೆ.

ಒಂದು ಕೊರತೆಯೆಂದರೆ ಅಲ್ಲಿ ಓಡುವವೆಲ್ಲ ಥರೋಬ್ರೆಡ್ ತಳಿಯವು. ಈ ತಳಿಯಲ್ಲಿ ಬಣ್ಣಗಳ ವೈವಿಧ್ಯ ಕಡಿಮೆ: ಬೇ, ಕಡು ಬೇ, ಚೆಸ್ಟ್‌ನಟ್, ಆಗೊಮ್ಮೆ ಈಗೊಮ್ಮೆ ಗ್ರೇ. ಚುಕ್ಕೆಯವು, ಮಚ್ಚೆಯವು, ಚಿನ್ನದ ಬಣ್ಣದವು ಬೇಕೆಂದರೆ ಮಾಥೇರಾನ್‌ನ ಸವಾರಿ ಕುದುರೆಗಳು, ಮದುವೆ ಮೆರವಣಿಗೆಯ ಕುದುರೆಗಳು, ಇಲ್ಲವೇ ಮಾರ್ವಾಡಿ ಮತ್ತು ಕಾಠಿಯಾವಾಡಿ ಕುದುರೆ ಸಾಕುವವರ ಲಾಯಗಳನ್ನು ಹುಡುಕಬೇಕು.

ಮೊದಲ ಹೆಜ್ಜೆ: ತುದಿಗಳಲ್ಲಿ ಕಪ್ಪು ಇದೆಯೇ?

ಕುದುರೆಯ ಕೂದಲಲ್ಲಿರುವುದು ಎರಡೇ ವರ್ಣಕ. ಯೂಮೆಲನಿನ್ ಕಪ್ಪು ಕೊಡುತ್ತದೆ, ಫಿಯೋಮೆಲನಿನ್ ಕೆಂಪು ಕೊಡುತ್ತದೆ. ಉಳಿದ ಬಣ್ಣಗಳೆಲ್ಲ ಈ ಎರಡರ ಹಂಚಿಕೆ, ತೆಳುವಾಗುವಿಕೆ ಅಥವಾ ಗೈರುಹಾಜರಿ. ಆದ್ದರಿಂದ ಮೊದಲ ಪ್ರಶ್ನೆ ಒಂದೇ: ಜೂಲು, ಬಾಲ, ಕಿವಿಯ ಅಂಚು ಮತ್ತು ಮೊಣಕಾಲಿನಿಂದ ಕೆಳಗಿನ ಕಾಲುಗಳಲ್ಲಿ ಕಪ್ಪು ಕೂದಲಿದೆಯೇ?

ಮೈ ಕೆಂಪು ಅಥವಾ ಕಂದು, ತುದಿಗಳು ಕಪ್ಪು ಎಂದಾದರೆ ಅದು ಬೇ. ಎಲ್ಲೂ ಕಪ್ಪು ಕೂದಲಿಲ್ಲ, ಜೂಲೂ ಬಾಲವೂ ಮೈಯಂತೆ ಕೆಂಪು ಅಥವಾ ಅದಕ್ಕಿಂತ ತಿಳಿ ಎಂದಾದರೆ ಚೆಸ್ಟ್‌ನಟ್. ಮೂತಿಯಿಂದ ಬಾಲದವರೆಗೆ ಕಪ್ಪೇ ಕಪ್ಪಾದರೆ ಬ್ಲ್ಯಾಕ್. ಮೂಲಬಣ್ಣಗಳು ಇಷ್ಟೇ. ಮಾರವಾಡದ ಕುದುರೆ ವ್ಯಾಪಾರಿಗಳೂ ಅವರಿಂದ ಕುದುರೆ ಕೊಳ್ಳುವ ಮಹಾರಾಷ್ಟ್ರದವರೂ ಬೇಯನ್ನು ಕುಮೈತ್ ಎನ್ನುತ್ತಾರೆ, ಚೆಸ್ಟ್‌ನಟ್ಟನ್ನು ಸುರಂಗ್, ಕಪ್ಪನ್ನು ಮುಷ್ಕಿ. ಲಾಯದಲ್ಲಿ ಕುಮೈತ್ ಎಂದು ಕೇಳಿದರೆ ಕುದುರೆಯವರ ಮುಖ ಅರಳುತ್ತದೆ. ಬೇ ಎಂದರೆ ನೀವು ಪುಸ್ತಕ ಓದಿ ಬಂದವರೆಂದು ಅವರಿಗೆ ಗೊತ್ತಾಗುತ್ತದೆ.

ಇದರ ಹಿಂದೆ ಎರಡು ಜೀನ್‌ಗಳಿವೆ. ಮೊದಲನೆಯದು ಮೂರನೇ ವರ್ಣತಂತುವಿನಲ್ಲಿರುವ ಎಂಸಿ1ಆರ್, ಕುದುರೆ ತಳಿಗಾರರ ಮಾತಿನಲ್ಲಿ ಎಕ್ಸ್‌ಟೆನ್ಷನ್. ವರ್ಣಕೋಶದ ಮೇಲಿರುವ ಈ ಗ್ರಾಹಕ ಕೆಲಸ ಮಾಡಿದರೆ ಕೋಶ ಕಪ್ಪು ವರ್ಣಕವನ್ನು ತಯಾರಿಸಬಲ್ಲದು. ಕೆಲಸ ಮಾಡುವ ರೂಪವನ್ನು ದೊಡ್ಡ ಇ ಎಂದೂ ಕೆಟ್ಟ ರೂಪವನ್ನು ಸಣ್ಣ ಇ ಎಂದೂ ಬರೆಯುತ್ತಾರೆ. ಸಣ್ಣ ಇಯಲ್ಲಿ ಆಗಿರುವುದು ಡಿಎನ್‌ಎಯ ಒಂದೇ ಒಂದು ಅಕ್ಷರದ ಬದಲಾವಣೆ: ಪ್ರೋಟೀನಿನ 83ನೇ ಸ್ಥಾನದಲ್ಲಿ ಸೆರೀನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಫಿನೈಲ್‌ಅಲನಿನ್ ಬಂದು ಕೂತಿದೆ. 1996ರಲ್ಲಿ ಇದು ಪತ್ತೆಯಾಯಿತು. ತಂದೆಯಿಂದಲೂ ತಾಯಿಯಿಂದಲೂ ಸಣ್ಣ ಇಯೇ ಬಂದರೆ ಕಪ್ಪು ಕೂದಲು ಹುಟ್ಟುವುದೇ ಇಲ್ಲ, ಕುದುರೆ ಚೆಸ್ಟ್‌ನಟ್ ಆಗುತ್ತದೆ.

ಎರಡನೆಯದು 22ನೇ ವರ್ಣತಂತುವಿನ ಅಗೌಟಿ. ಕಪ್ಪು ಎಲ್ಲಿ ಇರಬೇಕು ಎಂಬುದನ್ನು ತೀರ್ಮಾನಿಸುವುದು ಇದು. ಕೆಲಸ ಮಾಡುವ ಅಗೌಟಿ ಮೈಭಾಗದಲ್ಲಿ ಎಂಸಿ1ಆರ್‌ಗೆ ಅಡ್ಡಗಾಲು ಹಾಕುತ್ತದೆ. ಹೀಗಾಗಿ ಮೈ ಕೆಂಪಾಗಿ ಕಪ್ಪು ತುದಿಗಳಿಗೆ ಸರಿಯುತ್ತದೆ. ಅದೇ ಬೇ. ಈ ಜೀನಿನಿಂದ 11 ಅಕ್ಷರಗಳು ಕಳಚಿಹೋದ ರೂಪವನ್ನು ಸಣ್ಣ ಎ ಎನ್ನುತ್ತಾರೆ. ತಂದೆತಾಯಿ ಇಬ್ಬರಿಂದಲೂ ಅದೇ ಬಂದರೆ ಕಪ್ಪನ್ನು ತಡೆಯುವವರಿಲ್ಲ, ಇಡೀ ಮೈ ಕಪ್ಪು.

ಕಾಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಬೇ ಕುದುರೆಗೆ ನಾಲ್ಕೂ ಕಾಲಿನಲ್ಲಿ ಬಿಳಿ ಗುರುತಿದ್ದರೆ ಕಪ್ಪು ಮುಚ್ಚಿಹೋಗಿರುತ್ತದೆ. ಆಗ ಬಿಳಿ ಮುಗಿಯುವಲ್ಲಿ, ಮೊಣಕಾಲಿನ ಸುತ್ತ ಕಪ್ಪು ಪಟ್ಟಿ ಇಣುಕುತ್ತದೆಯೇ ನೋಡಿ. ಅಲ್ಲಿಯೂ ಅನುಮಾನವಾದರೆ ಕಿವಿಯ ಅಂಚು ಮತ್ತು ಬಾಲ ತೀರ್ಪು ಕೊಡುತ್ತವೆ. ಮಾಥೇರಾನ್‌ನಲ್ಲಿ ಇನ್ನೊಂದು ತೊಡಕು: ಅಲ್ಲಿನ ಕೆಂಪು ಮಣ್ಣು ಬೇಸಿಗೆಯಲ್ಲಿ ಬಿಳಿ ಕಾಲನ್ನೂ ಕಪ್ಪು ಕಾಲನ್ನೂ ಒಂದೇ ಬಣ್ಣ ಮಾಡಿಬಿಡುತ್ತದೆ. ಕುದುರೆಯವನನ್ನು ಕೇಳಿ ಒದ್ದೆ ಬಟ್ಟೆಯಿಂದ ಒಂದು ಕಡೆ ಒರೆಸಿ ನೋಡುವುದು ಉತ್ತಮ. ಮೆರವಣಿಗೆಯ ಕುದುರೆಯ ಕಾಲಿಗೂ ಬಾಲಕ್ಕೂ ಮದರಂಗಿ ಹಚ್ಚುವ ರೂಢಿಯೂ ಇದೆ. ಕಿತ್ತಳೆ ಬಣ್ಣದ ಗೆರೆ ಕತ್ತರಿಸಿದಂತೆ ನೇರವಾಗಿದ್ದರೆ ಅದು ಜೀನಿನ ಕೆಲಸವಲ್ಲ.

ಕಪ್ಪು ನಿಜಕ್ಕೂ ಕಪ್ಪೇ?

ಮುಂಬೈಯ ಅತಿ ಪ್ರಸಿದ್ಧ ಕರಿಕುದುರೆ ಲೋಹದ್ದು. ಕಾಲಾ ಘೋಡಾ ಬಡಾವಣೆಗೆ ಹೆಸರು ಕೊಟ್ಟ ಕಂಚಿನ ಕುದುರೆಯನ್ನು, ಮೇಲೆ ಕೂತ ರಾಜಕುಮಾರನ ಸಮೇತ 1965ರಲ್ಲಿ ಭಾಯ್ಖಳಾದ ಪ್ರಾಣಿಸಂಗ್ರಹಾಲಯದ ಆವರಣಕ್ಕೆ ಸಾಗಿಸಿದರು. 2017ರಲ್ಲಿ ಸವಾರನಿಲ್ಲದ ಹೊಸ ಕುದುರೆ ಕಾಲಾ ಘೋಡಾದಲ್ಲಿ ನಿಂತಿತು. ಜೀವಂತ ಕರಿಕುದುರೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ರೇಸ್‌ಕೋರ್ಸ್‌ನಲ್ಲಿ ಕಪ್ಪೆಂದು ಜನ ಕೈತೋರುವ ಕುದುರೆಗಳಲ್ಲಿ ಹೆಚ್ಚಿನವು ಕಡು ಬೇ.

ಬೇರ್ಪಡಿಸುವ ಕ್ರಮ ಹೀಗಿದೆ. ಮೂತಿಯ ಸುತ್ತ, ಕಣ್ಣಿನ ಸುತ್ತ, ಮುಂಗಾಲಿನ ಕಂಕುಳಲ್ಲಿ ಮತ್ತು ತೊಡೆಯ ಮುಂದಿನ ಮಡಿಕೆಯಲ್ಲಿ ಕಣ್ಣಾಡಿಸಿ. ಅಲ್ಲಿ ಕಂದು ಅಥವಾ ಹೊಂಬಣ್ಣದ ಕೂದಲಿದ್ದರೆ ಅದು ಬೇ ಗುಂಪಿನದು. ಅಗೌಟಿ ಅಲ್ಲಿ ಕೆಲಸ ಮಾಡುತ್ತಿದೆ. ನಿಜವಾದ ಕಪ್ಪು ಕುದುರೆಯ ಮೂತಿಯ ನಯವಾದ ಕೂದಲೂ ಕಪ್ಪಾಗಿರುತ್ತದೆ. ಹಾಗೆಂದು ಬೆನ್ನ ಮೇಲೆ ಕಂದು ಛಾಯೆ ಕಂಡ ಮಾತ್ರಕ್ಕೆ ಕಪ್ಪಲ್ಲವೆಂದು ಹೇಳಬೇಡಿ: ಬಿಸಿಲಿಗೆ, ಬೆವರಿಗೆ ಕಪ್ಪು ಕೂದಲು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಆಗಲೂ ಮೂತಿಯೇ ಸಾಕ್ಷಿ. ಕೂದಲು ಕತ್ತರಿಸಿದ ಕುದುರೆಯ ಮೈ ಮಂಕಾಗಿ ಬೇರೆಯೇ ಬಣ್ಣದಂತೆ ಕಾಣುತ್ತದೆಂಬುದೂ ನೆನಪಿರಲಿ.

ಇನ್ನೊಂದು ಗೊಂದಲ ಲಿವರ್ ಚೆಸ್ಟ್‌ನಟ್. ಮೈ ಕಾಫಿ ಪುಡಿಯಷ್ಟು ಗಾಢವಾಗಿರುವುದರಿಂದ ದೂರದಿಂದ ಕಡು ಬೇಯಂತೆಯೇ ಕಾಣುತ್ತದೆ. ಹತ್ತಿರ ಹೋಗಿ ಕಾಲಿನ ಕೂದಲು ನೋಡಿ. ಕೆಂಪು ಮಿಶ್ರಿತ ಕಂದು ಇದ್ದು ಎಲ್ಲೂ ಕಪ್ಪಿಲ್ಲದಿದ್ದರೆ ಚೆಸ್ಟ್‌ನಟ್ಟೇ.

ಮರಿಗಳ ವಿಷಯದಲ್ಲಿ ಈ ನಿಯಮಗಳನ್ನು ಸ್ವಲ್ಪ ಬದಿಗಿಡಬೇಕು. ಬೇ ಮರಿ ಹುಟ್ಟುವಾಗ ಕಾಲು ಕಪ್ಪಾಗಿರುವುದಿಲ್ಲ, ಮಾಸಲು ಕಂದಾಗಿರುತ್ತದೆ. ಮೊದಲ ಕೂದಲು ಉದುರಿದ ಮೇಲೆ ಕಪ್ಪು ಬರುತ್ತದೆ. ಕಪ್ಪು ಮರಿ ಎಷ್ಟೋ ಸಲ ಇಲಿಯ ಬಣ್ಣದ್ದಾಗಿ ಹುಟ್ಟುತ್ತದೆ.

ಬಿಳಿ ಕುದುರೆಯ ಮೈ ಒದ್ದೆಯಾದಾಗ

ಜೇಜುರಿಯ ಖಂಡೋಬ ನಮ್ಮವರಿಗೆ ಮೈಲಾರಲಿಂಗ. ಪಟಗಳಲ್ಲಿ ಅವನು ಏರಿದ ಕುದುರೆ ಹಾಲಿನಂತೆ ಬೆಳ್ಳಗಿರುತ್ತದೆ. ದೇವರ ಕುದುರೆಯ ಚರ್ಮ ಪರೀಕ್ಷಿಸುವ ಧೈರ್ಯ ನನಗಿಲ್ಲ. ಆದರೆ ಲೋಕದಲ್ಲಿ ಬಿಳಿಯೆಂದು ಕರೆಸಿಕೊಳ್ಳುವ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟುವಾಗ ಬಿಳಿಯಾಗಿರಲಿಲ್ಲ. ಬೇ ಆಗಿಯೋ ಚೆಸ್ಟ್‌ನಟ್ ಆಗಿಯೋ ಕಪ್ಪಾಗಿಯೋ ಹುಟ್ಟಿ, ವರ್ಷವರ್ಷವೂ ನರೆಯುತ್ತ ಬಂದವು. ಇವನ್ನೇ ಗ್ರೇ ಎನ್ನುವುದು.

ಇದನ್ನು ಕಣ್ಣಾರೆ ಕಾಣಬೇಕೆಂದರೆ ಕುದುರೆಗೆ ಸ್ನಾನ ಮಾಡಿಸುವ ಹೊತ್ತಿಗೆ ಲಾಯದ ಬಳಿ ಇರಬೇಕು. ಒಣಗಿದ್ದಾಗ ಸುಣ್ಣ ಬಳಿದಂತಿದ್ದ ಕುದುರೆಯ ಮೇಲೆ ಸೈಸ್, ಅಂದರೆ ಲಾಯದ ಆಳು, ಪೈಪಿನಿಂದ ನೀರು ಬಿಟ್ಟೊಡನೆ ಕೂದಲು ಮೈಗಂಟುತ್ತದೆ, ಕುದುರೆ ಸ್ಲೇಟಿನ ಬಣ್ಣಕ್ಕೆ ತಿರುಗುತ್ತದೆ. ಕೆಳಗಿನ ಕಪ್ಪು ಚರ್ಮ ಕಾಣುವುದೇ ಅದಕ್ಕೆ ಕಾರಣ. ಹಣೆಯಲ್ಲಿ ಒಂದು ಕಡೆ, ಕಾಲಿನ ಬುಡದಲ್ಲಿ ಇನ್ನೊಂದು ಕಡೆ ಗುಲಾಬಿ ತೇಪೆಗಳು ಎದ್ದು ಕಾಣುತ್ತವೆ. ಹುಟ್ಟಿನಿಂದ ಇದ್ದ ನಕ್ಷತ್ರ ಮತ್ತು ಕಾಲಿನ ಬಿಳುಪು ಅವು, ಒಣಗಿದಾಗ ಬಿಳಿಯಲ್ಲಿ ಬಿಳಿಯಾಗಿ ಕರಗಿಹೋಗಿದ್ದವು. ನೀರು ಆರಿದ ಮೇಲೆ ಮತ್ತೆ ಏನೂ ಕಾಣುವುದಿಲ್ಲ.

ಆದ್ದರಿಂದ ಬಿಳಿ ಕುದುರೆ ಕಂಡಾಗ ಮೂತಿ ಮತ್ತು ಕಣ್ಣಿನ ಸುತ್ತಲಿನ ಚರ್ಮ ನೋಡಿ. ಕಪ್ಪಿದ್ದರೆ ಗ್ರೇ. ಮೈಯೆಲ್ಲ ಗುಲಾಬಿಯಾಗಿದ್ದರೆ ಕಥೆ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ರೇಸ್‌ಕೋರ್ಸ್‌ನಲ್ಲಿ ಬೇರೆಯದೇ ಪೇಚು. ಓಡುವ ಕುದುರೆಗಳು ಹೆಚ್ಚಾಗಿ ಎಳೆಯವು. ಎರಡು ಮೂರು ವರ್ಷದ ಗ್ರೇ ಇನ್ನೂ ಕಬ್ಬಿಣದ ಬಣ್ಣದಲ್ಲಿರುತ್ತದೆ, ಕೆಲವಂತೂ ಕಪ್ಪೆಂದೇ ಅನ್ನಿಸುತ್ತವೆ. ಪುಸ್ತಕದಲ್ಲಿ ‘ಜಿಆರ್’ ಎಂದು ನೋಡಿ ಅಚ್ಚಿನ ತಪ್ಪೆಂದು ನಗುವವರನ್ನು ಕಂಡಿದ್ದೇನೆ. ಮುಖದಲ್ಲಿ ಬಿಳಿ ಕೂದಲು ಬೆರೆತಿರುವುದನ್ನೂ ಪಕ್ಕೆಯಲ್ಲಿ ನಾಣ್ಯದಗಲದ ತಿಳಿ ಚುಕ್ಕೆಗಳಿರುವುದನ್ನೂ ಗಮನಿಸಿದರೆ ಸಂಶಯ ಹೋಗುತ್ತದೆ. ಇನ್ನೂ ಕೆಲವು ವರ್ಷ ಕಳೆದರೆ ಚುಕ್ಕೆಗಳೂ ಮಾಯವಾಗುತ್ತವೆ. ಕೆಲವು ಗ್ರೇಗಳಲ್ಲಿ ಬಿಳಿಯಾದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಂದು ಚುಕ್ಕೆಗಳು ಮರಳಿ ಮೂಡುತ್ತವೆ. ಹುಟ್ಟಿದ ಮರಿ ಮುಂದೆ ಗ್ರೇ ಆಗುವುದೇ ಎಂದು ತಿಳಿಯಬೇಕಾದರೆ ಅದರ ಕಣ್ಣಿನ ಸುತ್ತ ನೋಡಿ. ಬಿಳಿ ಕೂದಲು ಮೊದಲು ತಲೆಯೆತ್ತುವುದು ಅಲ್ಲಿ.

ಇದರ ಜೀನ್ ಎಸ್‌ಟಿಎಕ್ಸ್17. ಅದರೊಳಗೆ ಸುಮಾರು 4,600 ಅಕ್ಷರಗಳ ಒಂದು ತುಂಡು ಎರಡು ಸಲ ಬರೆಯಲ್ಪಟ್ಟಿದೆ ಎಂದು 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರ ನೇತೃತ್ವದ ತಂಡ ತೋರಿಸಿತು. ತಂದೆ ಅಥವಾ ತಾಯಿಯಿಂದ ಈ ರೂಪದ ಜೀನಿನ ಒಂದು ಪ್ರತಿ ಬಂದರೆ ಸಾಕು, ಕುದುರೆ ನರೆಯುತ್ತದೆ. ಎರಡು ಪ್ರತಿ ಇದ್ದರೆ ಇನ್ನೂ ಬೇಗ. ಇದು ಪ್ರಬಲ ಗುಣವಾದ್ದರಿಂದ ಗ್ರೇ ಕುದುರೆಯ ತಂದೆತಾಯಿಯರಲ್ಲಿ ಒಬ್ಬರಾದರೂ ಗ್ರೇ ಆಗಿರಲೇಬೇಕು. ರೇಸ್ ಪುಸ್ತಕದಲ್ಲಿ ತಂದೆತಾಯಿಯ ಹೆಸರು ಇರುವುದರಿಂದ ಇದನ್ನು ತಾಳೆ ನೋಡುವುದು ಒಳ್ಳೆಯ ಆಟ. ಆಸ್ಟ್ರಿಯಾದ ಬಿಳಿ ಲಿಪಿಜಾನರ್ ಕುದುರೆಗಳೂ ಗ್ರೇಗಳೇ. ಅವುಗಳ ಮರಿಗಳು ಗಾಢ ಬಣ್ಣದಲ್ಲೇ ಹುಟ್ಟುತ್ತವೆ.

ಗ್ರೇ ಕುದುರೆ ಸಾಕುವವರು ಬಣ್ಣವನ್ನು ಮೆಚ್ಚಿಕೊಂಡು ಸುಮ್ಮನಿರಬಾರದು. ಈ ಜೀನಿನ ಜತೆಗೇ ಮೆಲನೋಮಾ ಎಂಬ ವರ್ಣಕೋಶದ ಗಡ್ಡೆಗಳ ಅಪಾಯ ಬರುತ್ತದೆ. 15 ವರ್ಷ ದಾಟಿದ ಗ್ರೇಗಳಲ್ಲಿ ನೂರಕ್ಕೆ 70ರಿಂದ 80ರಷ್ಟರಲ್ಲಿ ಅವು ಕಾಣಿಸಿಕೊಳ್ಳುತ್ತವೆ. ಬಾಲ ಎತ್ತಿ ಅದರ ಅಡಿಯಲ್ಲೂ ಗುದದ ಸುತ್ತಲೂ ತುಟಿಯ ಬಳಿಯೂ ಕಪ್ಪು ಗಂಟುಗಳಿವೆಯೇ ಎಂದು ಆಗಾಗ ನೋಡಬೇಕು, ಕಂಡರೆ ಪಶುವೈದ್ಯರಿಗೆ ತೋರಿಸಬೇಕು.

ತೆಳುವಾದ ಬಣ್ಣಗಳು

ಚಿನ್ನದ ಮೈ, ಕೆನೆಬಿಳಿ ಜೂಲು ಇದ್ದರೆ ಪಾಲೊಮಿನೊ. ಅದು ಚೆಸ್ಟ್‌ನಟ್ಟಿನ ಮೇಲೆ ಕ್ರೀಮ್ ಜೀನಿನ ಒಂದು ಪ್ರತಿ ಕೂತಾಗ ಆಗುವುದು. ಅದೇ ಒಂದು ಪ್ರತಿ ಬೇಯ ಮೇಲೆ ಬಂದರೆ ಹಳದಿ ಮೈ, ಕಪ್ಪು ಜೂಲಿನ ಬಕ್‌ಸ್ಕಿನ್. ಕಪ್ಪಿನ ಮೇಲೆ ಬಂದರೆ ಬಹುತೇಕ ಏನೂ ಕಾಣುವುದಿಲ್ಲ, ಏಕೆಂದರೆ ಒಂದೇ ಪ್ರತಿಯ ಕ್ರೀಮ್ ಕೆಂಪನ್ನು ತೆಳುವಾಗಿಸುತ್ತದೆಯೇ ಹೊರತು ಕಪ್ಪಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಎರಡು ಪ್ರತಿ ಬಂದರೆ ಮಾತ್ರ ಮೂಲಬಣ್ಣ ಯಾವುದೇ ಇರಲಿ, ಕೆನೆಬಣ್ಣದ ಕೂದಲು, ಗುಲಾಬಿ ಚರ್ಮ, ನೀಲಿ ಕಣ್ಣು. ಎಸ್‌ಎಲ್‌ಸಿ45ಎ2 ಎಂಬ ಈ ಜೀನಿಗೆ ಮನುಷ್ಯರ ಚರ್ಮದ ಬಣ್ಣದಲ್ಲೂ ಪಾತ್ರವಿದೆ.

ಡನ್ ಬೇರೆ. ಬೆನ್ನ ಮೇಲೆ ಜೂಲಿನಿಂದ ಬಾಲದವರೆಗೆ ಗೆರೆ ಎಳೆದಂತೆ ಕಪ್ಪು ಪಟ್ಟಿ, ಕಾಲಿನಲ್ಲಿ ಜೀಬ್ರಾದ ನೆನಪು ತರುವ ಅಡ್ಡಗೆರೆಗಳು. ಟಿಬಿಎಕ್ಸ್3 ಎಂಬ ಜೀನ್ ಇದಕ್ಕೆ ಕಾರಣವೆಂದು 2016ರಲ್ಲಿ ಗೊತ್ತಾಯಿತು: ಡನ್ ಕುದುರೆಯ ಮೈಕೂದಲಲ್ಲಿ ವರ್ಣಕ ಒಂದು ಪಕ್ಕಕ್ಕೆ ಮಾತ್ರ ತುಂಬುತ್ತದೆ, ಆದ್ದರಿಂದ ಮೈ ತೆಳುವಾಗಿ ಕಾಣುತ್ತದೆ. ಬಕ್‌ಸ್ಕಿನ್‌ಗೂ ಡನ್‌ಗೂ ಗೊಂದಲವಾದರೆ ಆ ಬೆನ್ನಗೆರೆಯ ಅಂಚು ನೋಡಿ. ಡನ್‌ನಲ್ಲಿ ಅದು ಸ್ಪಷ್ಟ, ಉಳಿದವುಗಳಲ್ಲಿ ಕಂಡರೂ ಮಸುಕು. ಸಿಲ್ವರ್, ಶಾಂಪೇನ್ ಎಂದು ಇನ್ನೂ ಇವೆ, ನಮ್ಮ ಕಡೆ ಅವನ್ನು ಹುಡುಕಿಕೊಂಡು ಹೋಗುವುದು ವ್ಯರ್ಥ ಶ್ರಮ.

ಬಿಳಿ ತೇಪೆಗಳು

ಇಲ್ಲಿ ನೆನಪಿಡಬೇಕಾದ ಹೆಸರು ಕಿಟ್ ಎಂಬ ಜೀನ್. ಭ್ರೂಣದಲ್ಲಿ ವರ್ಣಕೋಶಗಳು ಬೆನ್ನುಹುರಿಯ ಬಳಿಯಿಂದ ಮೈಯೆಲ್ಲ ಹರಡಬೇಕು. ಕಿಟ್ ಎಡವಿದರೆ ಕೆಲವು ಭಾಗಗಳಿಗೆ ಅವು ತಲುಪುವುದಿಲ್ಲ. ತಲುಪದ ಕಡೆ ಕೂದಲು ಬಿಳಿ, ಚರ್ಮ ಗುಲಾಬಿ. ಮಚ್ಚೆ ಕುದುರೆಗಳನ್ನೆಲ್ಲ ಇಲ್ಲಿನವರು ಅಬಲಖ್ ಎಂದುಬಿಡುತ್ತಾರೆ, ಆದರೆ ಅದರೊಳಗೆ ಹಲವು ಬಗೆ. ಬಿಳಿ ಬೆನ್ನನ್ನು ಅಡ್ಡ ದಾಟಿ ಕಾಲುಗಳೂ ಬಿಳಿಯಾಗಿ ಮುಖ ಮಾತ್ರ ಬಣ್ಣದಲ್ಲಿ ಉಳಿದಿದ್ದರೆ ಸಾಮಾನ್ಯವಾಗಿ ಟೊಬಿಯಾನೊ. ಕಿಟ್ ಜೀನಿನ ಪಕ್ಕದ ಡಿಎನ್‌ಎ ತುಂಡು ತಲೆಕೆಳಗಾಗಿ ಕೂತದ್ದರ ಫಲ ಅದು. ಹುಟ್ಟಿನಿಂದಲೇ ಪೂರ್ತಿ ಬಿಳಿ, ಚರ್ಮ ಗುಲಾಬಿ ಆಗಿದ್ದರೆ ಮಾರುವವರು ನುಕ್ರಾ ಎಂದು ಕರೆಯುತ್ತಾರೆ. ಕಿಟ್ ಜೀನಿನ ಬೇರೆ ಬೇರೆ ಬದಲಾವಣೆಗಳಿಂದಲೂ ಎರಡು ಪ್ರತಿ ಕ್ರೀಮ್‌ನಿಂದಲೂ ಹೀಗಾಗಬಹುದು. ಬರಿಗಣ್ಣಿಗೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಇಂಥ ಚರ್ಮ ಬಿಸಿಲು ತಾಳದು, ಕೊಳ್ಳುವವರು ನೆರಳಿನ ವ್ಯವಸ್ಥೆ ಮಾಡಿಕೊಂಡೇ ಕೊಳ್ಳಬೇಕು.

ಇನ್ನೊಂದು ಜೀನನ್ನು ಅಸಡ್ಡೆ ಮಾಡುವಂತಿಲ್ಲ. ಇಡಿಎನ್‌ಆರ್‌ಬಿಯಲ್ಲಿನ ಒಂದು ಬದಲಾವಣೆ ಅಮೆರಿಕದ ಮಚ್ಚೆ ತಳಿಗಳಲ್ಲಿ ಫ್ರೇಮ್ ಎಂಬ ಸುಂದರ ಮಾದರಿ ಕೊಡುತ್ತದೆ. ಒಂದು ಪ್ರತಿ ಚಂದ, ಎರಡು ಪ್ರತಿ ಸಾವು: ಮರಿ ಬೆಳ್ಳಗೆ ಹುಟ್ಟುತ್ತದೆ, ಕರುಳಿನ ನರಗಳೇ ಬೆಳೆಯದ್ದರಿಂದ ಕೆಲವೇ ದಿನಗಳಲ್ಲಿ ಸಾಯುತ್ತದೆ. ಆ ಜೀನಿರುವ ಎರಡು ಕುದುರೆಗಳನ್ನು ಕೂಡಿಸಬಾರದು.

ತಂದೆತಾಯಿಯಿಂದ ಲೆಕ್ಕ

ಬೇ ಜೋಡಿಗೆ ಚೆಸ್ಟ್‌ನಟ್ ಮರಿ ಹುಟ್ಟಿದರೆ ಲಾಯದಲ್ಲಿ ಯಾರೂ ಕಣ್ಸನ್ನೆ ಮಾಡಬೇಕಾಗಿಲ್ಲ. ತಂದೆತಾಯಿ ಇಬ್ಬರೂ ಒಂದೊಂದು ಸಣ್ಣ ಇ ಅಡಗಿಸಿಟ್ಟುಕೊಂಡಿದ್ದರೆ ಸಾಕು. ಇಬ್ಬರಲ್ಲೂ ಸಣ್ಣ ಎ ಕೂಡ ಒಂದೊಂದಿದ್ದರೆ ಲೆಕ್ಕ ಇನ್ನೂ ಸೊಗಸು: 16ರಲ್ಲಿ 9 ಪಾಲು ಬೇ, 3 ಪಾಲು ಕಪ್ಪು, 4 ಪಾಲು ಚೆಸ್ಟ್‌ನಟ್ ಹುಟ್ಟುವ ಸಾಧ್ಯತೆ. ಚೆಸ್ಟ್‌ನಟ್ಟಿಗೆ ಅಗೌಟಿ ಯಾವುದಿದ್ದರೂ ಒಂದೇ, ಕಪ್ಪೇ ಇಲ್ಲದ ಮೇಲೆ ಅದನ್ನು ಹಂಚುವ ಪ್ರಶ್ನೆ ಎಲ್ಲಿಯದು? ಅದಕ್ಕಾಗಿಯೇ 4 ಪಾಲು ಒಟ್ಟಿಗೆ ಬಂದದ್ದು.

ತಿರುಗಿಸಿ ನೋಡಿದರೆ ನಿಯಮ ಬಿಗಿಯಾಗುತ್ತದೆ. ಇಬ್ಬರೂ ಚೆಸ್ಟ್‌ನಟ್ ಆಗಿದ್ದರೆ ಬೇ ಆಗಲಿ ಕಪ್ಪಾಗಲಿ ಹುಟ್ಟುವಂತಿಲ್ಲ. ಇಬ್ಬರಲ್ಲಿ ಒಬ್ಬರೂ ಗ್ರೇ ಅಲ್ಲದಿದ್ದರೆ ಮರಿ ಗ್ರೇ ಆಗುವಂತಿಲ್ಲ. ಮಾರುವವನು ತೋರಿಸುವ ಕಾಗದದಲ್ಲಿ ಇಂಥದ್ದು ಕಂಡರೆ ದರ ಮಾತಾಡುವ ಮೊದಲು ವಂಶಾವಳಿಯನ್ನು ಪ್ರಶ್ನಿಸಿ. ಬಣ್ಣ ನೋಡಿ ಸ್ವಭಾವ ಹೇಳುವವರನ್ನೂ, ಚೆಸ್ಟ್‌ನಟ್ ಹೆಣ್ಣು ಕುದುರೆಗೆ ಮುಂಗೋಪ ಎನ್ನುವವರನ್ನೂ ನಂಬಿ ಬೆಲೆ ಕಟ್ಟಬೇಡಿ. ಬಣ್ಣ ಪಿತೃತ್ವದ ಬಗ್ಗೆ ಒಳ್ಳೆಯ ಸಾಕ್ಷಿ, ಗುಣದ ಬಗ್ಗೆ ಅಲ್ಲ.

ಬರೆದಿಡುವುದು, ಪರೀಕ್ಷೆಗೆ ಕಳಿಸುವುದು

ಥರೋಬ್ರೆಡ್‌ಗಳ ಭಾರತೀಯ ವಂಶಾವಳಿ ಪುಸ್ತಕ ಇರುವುದು ಪುಣೆಯಲ್ಲಿ. ನೋಂದಣಿಗೆ ಮೈಬಣ್ಣದ ಜತೆಗೆ ಮುಖದ ನಕ್ಷತ್ರ, ಪಟ್ಟೆ, ಕಾಲಿನ ಬಿಳುಪು ಎಲ್ಲಿಯವರೆಗೆ ಎಂಬುದು ಮತ್ತು ಸುಳಿಗಳ ಸ್ಥಾನ ಬೇಕು. ಸುಳಿ ನೋಡುವ ಕಣ್ಣು ನಮ್ಮ ರೈತರಿಗೆ ಎತ್ತಿನಿಂದಲೇ ಬಂದಿದೆ. ಶುಭ ಅಶುಭ ಬದಿಗಿಟ್ಟು ಸ್ಥಾನ ಮಾತ್ರ ಬರೆದುಕೊಂಡರೆ ಅದು ಬೆರಳಚ್ಚಿನ ಕೆಲಸ ಮಾಡುತ್ತದೆ. ಬಣ್ಣ ಬರೆಯುವಾಗ ಕುದುರೆಯನ್ನು ನೆರಳಿನಲ್ಲಿ ನಿಲ್ಲಿಸಿ. ಸಂಜೆಯ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಪ್ರತಿ ಬೇಯೂ ಚೆಸ್ಟ್‌ನಟ್ಟಿನಂತೆ ಹೊಳೆಯುತ್ತದೆ. ಎರಡೂ ಪಕ್ಕ, ಮುಖ, ನಾಲ್ಕು ಕಾಲು, ಕಾಲಿನದು ಒದ್ದೆ ಮಾಡಿ ಇನ್ನೊಮ್ಮೆ.

ಅಡಗಿರುವ ಜೀನ್ ತಿಳಿಯಬೇಕೆಂದರೆ ಡಿಎನ್‌ಎ ಪರೀಕ್ಷೆಯೇ ದಾರಿ. ಜೂಲಿನಿಂದ 20–30 ಕೂದಲನ್ನು ಬೇರು ಸಮೇತ ಕೀಳಬೇಕು. ಕತ್ತರಿಸಿದರೆ ಪ್ರಯೋಜನವಿಲ್ಲ, ಪರೀಕ್ಷೆಗೆ ಬೇಕಾದ ಕೋಶಗಳಿರುವುದು ಬುಡದಲ್ಲಿ. ಬೆರಳಿಗೆ ಕೆಲವೇ ಕೂದಲು ಸುತ್ತಿಕೊಂಡು ಚುರುಕಾಗಿ ಎಳೆದರೆ ಕುದುರೆಗೂ ಬೇಸರವಾಗುವುದಿಲ್ಲ. ಮರಿಯ ಜೂಲು ತೀರಾ ಮೃದು, ಅದರದ್ದನ್ನು ಬಾಲದಿಂದ ತೆಗೆಯಿರಿ. ತುದಿಯಲ್ಲಿ ಬಿಳಿ ಗಂಟಿನಂಥ ಬೇರು ಕಾಣುತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಒಣಗಿದ ಕಾಗದದ ಲಕೋಟೆಗೆ ಹಾಕಿ, ಕುದುರೆಯ ಹೆಸರನ್ನು ಆಗಲೇ ಬರೆಯಿರಿ. ಪ್ಲಾಸ್ಟಿಕ್ ಚೀಲ ಬೇಡ, ಮುಂಬೈಯ ತೇವಕ್ಕೆ ಅದರೊಳಗೆ ಬೂಸಲು ಹಿಡಿಯುತ್ತದೆ. ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ಕೇಳಿ ಹಣ ಸುರಿಯುವ ಅಗತ್ಯವಿಲ್ಲ: ಬೇ ಕುದುರೆಗೆ ಎಕ್ಸ್‌ಟೆನ್ಷನ್ ಮತ್ತು ಅಗೌಟಿ, ಕಪ್ಪು ಕುದುರೆಯ ವಂಶದಲ್ಲಿ ಪಾಲೊಮಿನೊ ಇದ್ದರೆ ಕ್ರೀಮ್, ಗ್ರೇಗೆ ಒಂದು ಪ್ರತಿಯೋ ಎರಡೋ ಎಂಬುದು. ಎರಡು ಪ್ರತಿ ಇರುವ ಗ್ರೇಯ ಮರಿಗಳೆಲ್ಲ ಗ್ರೇಗಳೇ ಆಗುವುದರಿಂದ, ಅಂಥ ಕುದುರೆಯಿಂದ ಬೇ ಮರಿ ಬೇಕೆಂದು ಕಾಯುವವರು ಕೂಡಿಸುವ ಮೊದಲೇ ಈ ಪರೀಕ್ಷೆ ಮಾಡಿಸುವುದು ಒಳ್ಳೆಯದು.